ಗಿರಣಿಯ ಸೂರಿನಡಿ ಸುಮ್ಮನೆ ಕೂತವರು

ಆ ಊರಿನಲ್ಲಿ ನಾನು ಇಳಿದುಕೊಂಡದ್ದು ಹಿಂದೆ ಕ್ಷೌರದಂಗಡಿಯಾಗಿದ್ದ ಒಂದು ಕೋಣೆಯಲ್ಲಿ. ಚೀಲವಿಟ್ಟು, ಚಾಪೆಯ ಮೇಲೆ ಕಾಲು ಚಾಚಿ ಸ್ವಲ್ಪ ಹೊತ್ತಾಗಿರಲಿಲ್ಲ, ನನ್ನ ಬಲಗೈಯ ಎರಡು ಬೆರಳುಗಳು ತಾವಾಗಿಯೇ ಗಾಳಿಯನ್ನು ಕತ್ತರಿಸತೊಡಗಿದವು. ನೀರು ತಂದಿಟ್ಟ ಮನೆಯೊಡತಿ ಅದನ್ನು ನೋಡಿ, ಹೊಸಬರಿಗೆ ಮೊದಮೊದಲು ಹಾಗಾಗುತ್ತದೆ, ಮುಷ್ಟಿಯಲ್ಲಿ ಒಂದು ಬಾಚಣಿಗೆ ಹಿಡಿದು ಮಲಗಿದರೆ ಬೆರಳು ಸೋಲುವುದಿಲ್ಲ ಎಂದು ಹೇಳಿ, ಗೂಡಿನಲ್ಲಿದ್ದ ಬಾಚಣಿಗೆಯನ್ನು ತೋರಿಸಿ ಹೋದಳು.

ಆ ಊರಿನ ಸೂರುಗಳು ತಾವು ಬಹುಕಾಲ ಕಂಡ ಕೆಲಸವನ್ನು ಮರೆಯುವುದಿಲ್ಲ. ತಮ್ಮ ಕೆಳಗೆ ಬಂದವರ ಕೈಗಳನ್ನು ಅದೇ ಕೆಲಸಕ್ಕೆ ಹಚ್ಚುತ್ತವೆ. ಅಲ್ಲಿಯವರು ಇದನ್ನು ಸೋಜಿಗವೆಂದು ಎಣಿಸುವುದಿಲ್ಲ. ಹೆಣ್ಣು ಕೊಡುವವರು ಗಂಡಿನ ಕುಲಗೋತ್ರದ ಜೊತೆಗೆ ಅವನ ಮನೆ ಮುಂಚೆ ಏನಾಗಿತ್ತೆಂಬುದನ್ನೂ ವಿಚಾರಿಸುತ್ತಾರೆ. ಕಮ್ಮಾರಸಾಲೆಯಾಗಿದ್ದ ಮನೆಗೆ ಸಂಬಂಧ ಕೂಡುವುದು ಕಷ್ಟ. ಹೂವಾಡಗಿತ್ತಿಯ ಮನೆಗೆ ಸೊಸೆಯಾಗಿ ಹೋಗಲು ಪೈಪೋಟಿ. ಬಯಲಿನಲ್ಲಿ, ಆಕಾಶದ ಕೆಳಗೆ, ಎಲ್ಲರ ಕೈಗಳೂ ಅವರವರವೇ. ಆದ್ದರಿಂದ ಅಲ್ಲಿನ ಜನ ಮುಖ್ಯವಾದ ಮಾತನ್ನೆಲ್ಲ ಮರದ ಬುಡದಲ್ಲಿ ನಿಂತೇ ಆಡುತ್ತಾರೆ.

ನಾನು ಹಾಡು, ಕಥೆ, ಐತಿಹ್ಯಗಳನ್ನು ಕೂಡಿಸುತ್ತ ಊರೂರು ತಿರುಗುವವನು. ಈ ಮುಂದಿನ ಕಥೆಯನ್ನು ನನಗೆ ಹೇಳಿದವರು ಮೂವರು. ತಾಯವ್ವ ಹತ್ತಿ ಗಿರಣಿಯಲ್ಲಿ ಅರಳೆ ಬಿಡಿಸುತ್ತಲೇ ಮುದುಕಿಯಾದವಳು. ಗುರುಶಾಂತಪ್ಪ ಅದೇ ಗಿರಣಿಯಲ್ಲಿ ಪಾಳಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ. ಚಂದ್ರಾಮಪ್ಪ ಎಲ್ಲಿಯೂ ಏನೂ ಕೆಲಸ ಮಾಡದವನು. ಮೂವರ ಹೇಳಿಕೆಗಳು ಒಂದಕ್ಕೊಂದು ಹೊಂದದ ಕಡೆ ತಾಯವ್ವನ ಪಾಠವನ್ನೇ ಉಳಿಸಿಕೊಂಡಿದ್ದೇನೆ. ಉಳಿದಿಬ್ಬರು ತಂತಮ್ಮ ತಪ್ಪನ್ನು ಕಿರಿದು ಮಾಡಿ ಹೇಳಿದರೆಂದು ನನ್ನ ಅನುಮಾನ.

ಗಿರಣಿಯ ಹಿಂದೆ ಕೆಲಸಗಾರರಿಗೆಂದು ಕಟ್ಟಿಸಿದ ಒಂದು ಸಾಲು ಮನೆಗಳಿವೆ. ಗಿರಣಿ ನಡೆಯುತ್ತಿದ್ದಾಗ ಆ ಮನೆಗಳ ಸೂರು ಉಣ್ಣುವುದನ್ನು, ಮಲಗುವುದನ್ನು ಬಿಟ್ಟು ಬೇರೆ ಏನನ್ನೂ ಕಂಡಿರಲಿಲ್ಲ. ಗಿರಣಿ ಮುಚ್ಚಿತು. ಯಂತ್ರಗಳನ್ನು ಬಿಚ್ಚಿ ಯಾವುದೋ ಊರಿಗೆ ಸಾಗಿಸಿದರು. ಸಾಲಿನ ಹೆಂಗಸರು ಊದುಬತ್ತಿ ಹೊಸೆಯುವ ಕೆಲಸವನ್ನು ಮನೆಗೇ ತಂದರು. ಮೊದಲು ಮಧ್ಯಾಹ್ನಗಳಲ್ಲಿ ಮಾತ್ರ ಹೊಸೆಯುತ್ತಿದ್ದರು. ಆಮೇಲೆ ಅತ್ತೆ, ಸೊಸೆ, ಮಗಳು ಎಲ್ಲ ಸೇರಿ ಬೆಳಗಿನಿಂದ ದೀಪ ಆರುವವರೆಗೂ. ವರ್ಷಗಳು ಕಳೆದಂತೆ ಸೂರುಗಳು ಆ ಕೆಲಸವನ್ನು ಕಲಿತವು. ಒಂದು ದಿನ ಉಂಡು ಮಲಗಿದವರು ನಿದ್ದೆಯಲ್ಲೇ ಅಂಗೈಯನ್ನು ನೆಲಕ್ಕೆ ಉಜ್ಜತೊಡಗಿದರು. ಊಟಕ್ಕೆ ಕೂತರೆ ಅನ್ನ ಬೆರಳ ನಡುವೆ ಕಡ್ಡಿಯಾಗುತ್ತಿತ್ತು. ನೆಂಟರು ಬರುವುದನ್ನು ನಿಲ್ಲಿಸಿದರು. ಸಾಲಿನಲ್ಲಿ ಕೈಯನ್ನು ಸುಮ್ಮನೆ ಇಟ್ಟುಕೊಳ್ಳುವ ಜಾಗವೊಂದೂ ಉಳಿಯಲಿಲ್ಲ.

ಇಂಥ ಮನೆಗೆ ಸಾವಕ್ಕ ತಾಯವ್ವನ ಸೊಸೆಯಾಗಿ ಬಂದಳು. ಗಂಡ ಲಾರಿಯ ಮೇಲೆ ದುಡಿಯುವವನು, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಬೇಸಿಗೆಯ ಮೊದಲಲ್ಲಿ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಮಗುವನ್ನು ಮಡಿಲಿಗೆ ತೆಗೆದುಕೊಂಡರೆ ಅವಳ ಅಂಗೈ ಅದರ ಎಳೆಯ ತೋಳನ್ನು ಹಿಡಿದು ಕಡ್ಡಿಯಂತೆ ಹೊಸೆಯುತ್ತಿತ್ತು. ಮಗು ಮೊಲೆ ಬಿಟ್ಟು ಚೀರುತ್ತಿತ್ತು. ತಾಯವ್ವ ಸೊಸೆಯ ಕೈಗಳನ್ನು ಸೀರೆಯ ಸೆರಗಿನಿಂದ ಕಟ್ಟಿ ನೋಡಿದಳು. ಕಟ್ಟಿದ ಕೈಗಳು ಸೆರಗನ್ನೇ ಹೊಸೆದವು. ತಾನೇ ಹಿಡಿದು ಕೂತಳು. ಅವಳ ಕೈಗಳೂ ಸೊಸೆಯ ಕೈಗಳೊಡನೆ ಸೇರಿ ಉಜ್ಜಿದವು. ಗುಡಿಗೆ ಕರೆದೊಯ್ದರೆ ಸೂರಿನಡಿ ಕಾಲಿಟ್ಟ ಕೂಡಲೇ ಕೈಗಳು ಮುಗಿದುಕೊಂಡು ಕೂಸು ಜಾರತೊಡಗಿತು. ಶಾಲೆಯ ಕೋಣೆಯಲ್ಲಿ ಅವಳ ತೋರುಬೆರಳು ಮಗುವಿನ ಬೆನ್ನ ಮೇಲೆ ಅಕ್ಷರ ತಿದ್ದಿತು. ಸಾಲಿನ ನಡುವೆ ಒಂದು ತಾಡಪಾಲು ಕಟ್ಟಿಕೊಟ್ಟರು. ಸುತ್ತಲಿನ ಸೂರುಗಳ ಸಹವಾಸಕ್ಕೆ ಅದೂ ವಾರ ಕಳೆಯುವುದರೊಳಗೆ ಬತ್ತಿ ಹೊಸೆಸತೊಡಗಿತು.

ಕೊನೆಗೆ ಸಾವಕ್ಕ ಗಿರಣಿಯ ಬಾಗಿಲೆದುರಿನ ಬೇವಿನ ಮರದಡಿಯಲ್ಲೇ ಹಾಲು ಕುಡಿಸುವುದನ್ನು ರೂಢಿ ಮಾಡಿಕೊಂಡಳು. ಬಿಸಿಲು, ದೂಳು, ಹಾದುಹೋಗುವವರ ಕಣ್ಣು ಎಲ್ಲವನ್ನೂ ಸೆರಗಿನಿಂದ ಮರೆಸಿಕೊಂಡು ಕೂರುತ್ತಿದ್ದಳು. ಅಲ್ಲಿದ್ದಷ್ಟು ಹೊತ್ತು ಮಗು ಕುಡಿಯುತ್ತಿತ್ತು. ಬಿಸಿಗಾಳಿ ಎದ್ದ ದಿನ ಮನೆಯೊಳಗೆ ಹೋಗಬೇಕಾಗುತ್ತಿತ್ತು, ಆ ದಿನ ಕುಡಿಯುತ್ತಿರಲಿಲ್ಲ. ತೊಡೆಯ ಮಾಂಸ ಕರಗಿ ಚರ್ಮ ಸಡಿಲವಾಗಿತ್ತು. ಮಳೆಗಾಲ ಹಿಡಿದರೆ ಈ ಕೂಸು ಉಳಿಯುವುದಿಲ್ಲವೆಂದು ಸಾಲಿನವರೆಲ್ಲರಿಗೂ ಗೊತ್ತಿತ್ತು.

ಅದೇ ಬೇಸಿಗೆಯಲ್ಲಿ ಪುರಸಭೆಯವರು ಗಿರಣಿಯ ಕೀಲಿಕೈಯನ್ನು ಸಾಲಿನವರಿಗೆ ಒಪ್ಪಿಸಿ, ಇದನ್ನು ನಿಮ್ಮ ಸಮುದಾಯ ಭವನ ಮಾಡಿಕೊಳ್ಳಿ ಎಂದರು. ಕಟ್ಟಡ ದೊಡ್ಡದು, ಕಬ್ಬಿಣದ ತೊಲೆ, ತಗಡಿನ ಸೂರು, ಎತ್ತರದಲ್ಲಿ ಗಾಜಿನ ಕಿಂಡಿಗಳು. ಗುರುಶಾಂತಪ್ಪ ತಾನಾಗಿಯೇ ಮುಂದಾಳಾದ. ಹೆಂಗಸರು ನೆಲಕ್ಕೆ ಅಂಟಿದ ಎಣ್ಣೆಯ ಜಿಡ್ಡನ್ನು ಕೆರೆದು ತೆಗೆದರು, ಗಂಡಸರು ಸುಣ್ಣ ಹೊಡೆದರು. ದುಡಿಮೆಯಲ್ಲಿ ತೊಡಗಿದ ಕೈಗಳನ್ನು ಸೂರು ಅಷ್ಟು ಬೇಗ ಹಿಡಿಯುವುದಿಲ್ಲವಾದ್ದರಿಂದ ಆಗ ಏನೂ ತಿಳಿಯಲಿಲ್ಲ. ಗಿರಣಿಯ ಸೂರು ಹತ್ತಿಯನ್ನು ಬಿಟ್ಟು ಬೇರೇನನ್ನೂ ಕಂಡದ್ದಲ್ಲವೆಂಬುದು ಯಾರಿಗೂ ಮರೆತಿರಲಿಲ್ಲ. ಆದರೆ ಬೀಗ ಹಾಕಿ ಇಷ್ಟು ವರ್ಷವಾಗಿದೆ, ಯಂತ್ರಗಳೂ ಹೋಗಿವೆ, ಅದರ ಪಟ್ಟು ಸಡಿಲಿರಬಹುದು ಎಂದು ಎಲ್ಲರೂ ಆಸೆಪಟ್ಟರು.

ಉದ್ಘಾಟನೆಗೆ ಪುರಸಭೆಯ ಅಧ್ಯಕ್ಷರು ಬಂದರು. ಭಾಷಣ ಶುರುವಾಗಿ ಸ್ವಲ್ಪ ಹೊತ್ತಿನಲ್ಲೇ ಅವರ ಬೆರಳುಗಳು ಹೊದಿಸಿದ ಶಾಲಿನ ಅಂಚಿಗೆ ಹೋದವು. ಹತ್ತಿಯ ಉಂಡೆಯಿಂದ ಒಣ ಎಲೆ, ಸಿಪ್ಪೆ, ಕಸ ಆರಿಸಿ, ಅರಳೆಯನ್ನು ಬಿಡಿಸಿ ಹಗುರ ಮಾಡುವ ಕೆಲಸ ಅದು. ಅಧ್ಯಕ್ಷರು ನಾಡಿನ ಪ್ರಗತಿಯ ಬಗ್ಗೆ ಹೇಳುತ್ತ ಹೇಳುತ್ತ ಶಾಲನ್ನು ಬಿಚ್ಚಿ ಎಳೆ ಮಾಡಿ ಕಾಲ ಬುಡದಲ್ಲಿ ಗುಡ್ಡೆ ಹಾಕಿದರು. ಚಪ್ಪಾಳೆ ತಟ್ಟಲು ಯಾರ ಕೈಯೂ ಬಿಡುವಾಗಿರಲಿಲ್ಲ. ಎದುರು ಕೂತವರೆಲ್ಲ ಮುಂದಿನವರ ಅಂಗಿಯಿಂದ ನೂಲು ಆರಿಸುತ್ತಿದ್ದರು. ವಾಚನಾಲಯಕ್ಕೆಂದು ಇಟ್ಟ ಪತ್ರಿಕೆಗಳು ಸಂಜೆಯೊಳಗೆ ಚೂರಾದವು. ಮಕ್ಕಳನ್ನು ಹಾಡು ಕಲಿಯಲು ಕೂರಿಸಿದರೆ ಅವರು ಚಾಪೆಯನ್ನೇ ಬಿಡಿಸಿಟ್ಟರು.

ಇದಾದ ಮೇಲೆ ಬೇವಿನ ಮರದಡಿ ಸಭೆ ಸೇರಿತು. ಸಂಜೆಗೆಂಪಿನ ಕಡೆ ಮೋಡ ಕಟ್ಟುತ್ತಿತ್ತು. ಒಬ್ಬರು ಕಟ್ಟಡವನ್ನು ಪುರಸಭೆಗೆ ಮರಳಿಸೋಣವೆಂದರು, ಇನ್ನೊಬ್ಬರು ಸೂರು ಬಿಚ್ಚಿ ಬರಿಗೋಡೆಯ ಅಂಗಳ ಮಾಡೋಣವೆಂದರು. ಅಲ್ಲಿಯವರೆಗೆ ಸಭೆಗಳಲ್ಲಿ ಬಾಯಿ ತೆರೆಯದ ಸಾವಕ್ಕ ಆಗ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು.

"ನಿಮಗ ಭವನ ಬೇಕು, ನನಗ ಭವನ ಬ್ಯಾಡ. ಮಳಿ ಬರೂದರಾಗ ಒಂದು ಸೂರು ಸುಮ್ನಾಗಿಸಿ ಕೊಡ್ರಿ ಸಾಕು. ಈಕಿ ಹೊಟ್ಟಿ ತುಂಬೂತನಾ ನನ್ನ ಕೈ ನಂದಾಗಿರಬೇಕು, ಅಷ್ಟ."

ಆಗ ಗುರುಶಾಂತಪ್ಪ ಒಂದು ಉಪಾಯ ಹೇಳಿದ. ಕೆಲಸ ಕಂಡು ಕೆಲಸ ಕಲಿತ ಸೂರು, ಸುಮ್ಮನಿರುವುದನ್ನು ಕಂಡರೆ ಸುಮ್ಮನಿರುವುದನ್ನೂ ಕಲಿಯಬೇಕಲ್ಲವೇ? ಅದಕ್ಕೆ ಹುಟ್ಟಿನಿಂದ ಸುಮ್ಮನಿದ್ದವರೇ ಬೇಕು. ನಮ್ಮಂಥವರ ಕೈಗಳು ಸೂರಿಗೆ ಬೇಗ ಸೋಲುತ್ತವೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಇಡೀ ದಿನ ಕೂತಿರುವ ಚಂದ್ರಾಮಪ್ಪ ಮತ್ತು ಅವನ ಗೆಳೆಯರನ್ನು ಕರೆತರೋಣ.

ಈ ಮಾತು ಎಲ್ಲರಿಗೂ ಹಿಡಿಸಿತು. ಹಿರಿಯರು ಎಲೆಯಡಿಕೆ, ಬಾಳೆಹಣ್ಣು ಹಿಡಿದು ಕಟ್ಟೆಗೆ ಹೋದರು. ತಮ್ಮನ್ನು ಬೈಯಲು ಬಂದಿರಬೇಕೆಂದು ಚಂದ್ರಾಮಪ್ಪ ಮೊದಲು ಎದ್ದು ಹೊರಡಲು ನೋಡಿದನಂತೆ. ಗುರುಶಾಂತಪ್ಪ ಅವನನ್ನು ಕೂರಿಸಿ, ನಿಮ್ಮಷ್ಟು ಚಂದ ಸುಮ್ಮನೆ ಕೂಡುವವರು ಈ ಸೀಮೆಯಲ್ಲೇ ಇಲ್ಲ, ನಮ್ಮ ಗಿರಣಿಯಲ್ಲಿ ಬಂದು ಕೂತು ಒಂದು ಕೂಸಿನ ಜೀವ ಉಳಿಸಬೇಕು ಎಂದು ಕೈಮುಗಿದ. ಚಂದ್ರಾಮಪ್ಪ ಈ ಸಂದರ್ಭವನ್ನು ನನಗೆ ಹೇಳುವಾಗ ಅವನ ದನಿ ಮೆತ್ತಗಾಯಿತು. ಜೀವಮಾನದಲ್ಲಿ ಅವನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. "ಮಾಡಿ ತೋರಸ್ತೇವು ಬಿಡ್ರಿ ಮೇಸ್ತ್ರಿ," ಎಂದು ಅವನು ಮಾತು ಕೊಟ್ಟ.

ಮೊದಲ ಎರಡು ಮೂರು ದಿನ ಕೆಲಸ ಚೆನ್ನಾಗಿಯೇ ನಡೆಯಿತು. ಕಟ್ಟೆಯವರು ಗಿರಣಿಯ ಗೋಡೆಗೆ ಒರಗಿ ಕಣ್ಣು ಅರೆಮುಚ್ಚಿ ಕೂತರು. ಅವರ ಕೈಗಳು ಬಹಳ ಹೊತ್ತು ಮಿಸುಕುತ್ತಿರಲಿಲ್ಲ. ಮಿಸುಕಿದರೂ ಒಂದೆರಡು ಎಳೆ ಆರಿಸಿ ಬೇಸತ್ತು ಬಿಡುತ್ತಿದ್ದವು. ಬಾಗಿಲಾಚೆಯಿಂದ ನೋಡುತ್ತಿದ್ದ ಸಾಲಿನವರಿಗೆ ಸಂತೋಷವಾಯಿತು.

ಎಡವಟ್ಟಾದದ್ದು ಆಮೇಲೆ. ಕಟ್ಟೆಯವರು ಮನಸ್ಸು ಬಂದಾಗ ಬರುತ್ತಿದ್ದರು, ಮನಸ್ಸು ಬಂದಾಗ ಎದ್ದು ಹೋಗುತ್ತಿದ್ದರು. ನಡುವೆ ಸೂರು ಖಾಲಿ ಉಳಿಯುತ್ತಿತ್ತು. ಮೋಡ ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಗುರುಶಾಂತಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ವಿಷಯವನ್ನು ಸರಿಪಡಿಸಿದ: ಸುಮ್ಮನೆ ಕೂರುವುದಕ್ಕೆ ಪಾಳಿ ಹಾಕಿದ. ಮುಂಜಾನೆಯ ಪಾಳಿಗೆ ಒಂದು ಗುಂಪು, ಮಧ್ಯಾಹ್ನದ ಪಾಳಿಗೆ ಇನ್ನೊಂದು. ಗೋದಾಮಿನ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ, ಹಿಂದೆ ಗಿರಣಿಯ ಪಾಳಿ ಸಾರುತ್ತಿದ್ದ ಭೋಂಗಾವನ್ನು ಉಜ್ಜಿ, ಲಾರಿಯ ಗಾಳಿಪಂಪು ತಂದು ಊದಿಸಿದ. ಭೋಂಗಾ ಕೂಗಿದಾಗ ಒಳಗೆ ಬರಬೇಕು, ಕೂಗಿದಾಗ ಎದ್ದು ಹೋಗಬೇಕು. ತಾನು ನಡುವಿನ ಓಣಿಯಲ್ಲಿ ಕೈ ಹಿಂದೆ ಕಟ್ಟಿ ಅಡ್ಡಾಡುತ್ತ, ತೂಕಡಿಸುವವರನ್ನು ಸರಿಯಾಗಿ ಕೂರಿಸುತ್ತಿದ್ದ. ಸಾಲಿನ ಒಬ್ಬರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಗಿರಣಿಯ ಜನ, ಪಾಳಿಯಿಲ್ಲದೆ ಯಾವುದೂ ನಡೆದೀತೆಂದು ಅವರ ಮನಸ್ಸಿಗೆ ಹೊಳೆಯುವಂತಿರಲಿಲ್ಲ. ತಾಯವ್ವ ಕೂಡ, ಭೋಂಗಾ ಕೇಳಿ ಎಷ್ಟು ದಿನವಾಗಿತ್ತೆಂದು ಕಣ್ಣೊರೆಸಿಕೊಂಡದ್ದಾಗಿ ಒಪ್ಪಿದಳು.

ಭೋಂಗಾ ಕೇಳಿದ್ದು ಅವರಿಗೆ ಮಾತ್ರವಲ್ಲ, ಸೂರಿಗೂ. ಅದರ ಕೂಗು ಆರುವ ಮುಂಚೆಯೇ ಕಟ್ಟೆಯವರ ಕೈಗಳು ಎದ್ದವು. ಈ ಸಲ ಬೇಸತ್ತು ಬಿಡಲಿಲ್ಲ. ಎಲ್ಲರ ಬೆರಳೂ ಒಂದೇ ಲಯದಲ್ಲಿ, ಎಂದೂ ಹತ್ತಿ ಮುಟ್ಟದವರ ಬೆರಳುಗಳು ಹಳೆಯ ಕೆಲಸಗಾರರ ಚುರುಕಿನಲ್ಲಿ ಗಾಳಿಯನ್ನು ಬಿಡಿಸಿದವು, ಗಾಳಿ ಸಾಲದೆ ಪಂಚೆಯನ್ನು, ಪಂಚೆ ಸಾಲದೆ ಗೋಡೆಯ ಗಾರೆಯನ್ನು. ಪಾಳಿ ಮುಗಿಸಿ ಹೊರಬಂದವರ ಬೆರಳ ತುದಿಗಳು ಕೆಂಪಾಗಿದ್ದವು. ಚಂದ್ರಾಮಪ್ಪನ ಹೆಂಡತಿ ಅವನ ಕೈಗೆ ಅರಿಸಿನ ಹಚ್ಚುತ್ತ, "ನಾ ಇಷ್ಟು ವರ್ಷ ಬೈದು ಮಾಡಸಲಾರದ್ದನ್ನ ಆ ತಗಡು ಮಾಡಸ್ತು ನೋಡು," ಎಂದಳಂತೆ. ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಮಾತು ಕೊಟ್ಟವನು ಮರುದಿನವೂ ಭೋಂಗಾಕ್ಕಿಂತ ಮುಂಚೆ ಬಾಗಿಲಲ್ಲಿದ್ದ.

ಗುರುಶಾಂತಪ್ಪ ಮಾತ್ರ ಇದು ಸೂರಿನ ಕೊನೆಯ ಒದ್ದಾಟ, ಬಿಡುವ ಮುಂಚೆ ಹೀಗೇ ಆಡುತ್ತದೆ ಎಂದು ಸಾಧಿಸಿದ. ಅವನು ಹಾಗೆಂದು ನಂಬಿದ್ದನೋ, ಮೋಡ ನೋಡಿ ನಂಬಬೇಕೆಂದುಕೊಂಡನೋ ತಿಳಿಯದು. ಒಂದು ಮಧ್ಯಾಹ್ನ ಪಾಳಿ ಬಿಟ್ಟ ಮೇಲೆ ಸಾವಕ್ಕನನ್ನು ಕರೆದು, ಒಂದು ಸಲ ಕೂತು ನೋಡವ್ವಾ ಎಂದ. ಅವಳು ಒಳಗೆ ಹೋಗಿ ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಕೂಸು ಬಾಯಿ ಹಚ್ಚಿತು. ಬಾಗಿಲಲ್ಲಿ ನಿಂತವರೆಲ್ಲ ಮುಂದೆ ಬಾಗಿದರು. ಆಗ ಅವಳ ಬಲಗೈ ಕೂಸಿನ ತಲೆಗೆ ಹೋಗಿ, ಅರಳೆಯಿಂದ ಕಸ ಆರಿಸುವಂತೆ, ಅದರ ಕೂದಲನ್ನು ಕಿತ್ತಿತು. ಎಡಗೈ ಕೆನ್ನೆಯನ್ನು ಚಿವುಟಿ ಬಿಡಿಸಲು ನೋಡಿತು. ತಾಯವ್ವ ಓಡಿಹೋಗಿ ಕೂಸನ್ನು ಕಸಿದುಕೊಳ್ಳುವಷ್ಟರಲ್ಲಿ ಕೆನ್ನೆಯಲ್ಲಿ ರಕ್ತದ ಗೆರೆ ಮೂಡಿತ್ತು.

ಸಾವಕ್ಕ ಬೈದಿದ್ದರೆ ಚೆನ್ನಾಗಿತ್ತೆಂದು ಗುರುಶಾಂತಪ್ಪ ನನಗೆ ಹೇಳಿದ. ಅವನು ಅಂದೇ ಭೋಂಗಾವನ್ನು ಬಾವಿಗೆ ಎಸೆದು, ಬಾಗಿಲಿಗೆ ಬೀಗ ಜಡಿದು, ಕೀಲಿಕೈಯನ್ನು ಪುರಸಭೆಗೆ ಮರಳಿಸಿಬಂದ. ಸಾವಕ್ಕ ಮತ್ತೆ ಬೇವಿನ ಮರದಡಿ ಹೋಗಿ ಕೂತಳು. ಮಗುವಿನ ದನಿ ಆಗಲೇ ಚೀರುವಷ್ಟು ಉಳಿದಿರಲಿಲ್ಲ, ಕುಂಯ್ ಎನ್ನುತ್ತಿತ್ತು.

ಮೊದಲ ಮಳೆ ಹಗಲಿನಲ್ಲೇ ಬಂತು, ಆನೆಕಲ್ಲಿನ ಮಳೆ. ಬೇವಿನ ಎಲೆಗಳು ಹರಿದು ಬೀಳತೊಡಗಿದವು. ಸಾವಕ್ಕ ಕೂಸನ್ನು ಹೊಟ್ಟೆಗೆ ಅವುಚಿಕೊಂಡು ಎದ್ದಳು. ಸಾಲು ದೂರ, ಗಿರಣಿಯ ಗೋಡೆ ಹತ್ತಿರ. ಬಾಗಿಲಿಗೆ ಬೀಗವಿತ್ತು. ಹಿಂದೆ ಹತ್ತಿಯ ಅಂಡಿಗೆಗಳನ್ನು ಒಳಗೆ ತಳ್ಳುತ್ತಿದ್ದ ಒಂದು ಗವಿ, ಗೋಡೆಯ ಬುಡದ ಕಂಡಿ, ಇತ್ತು. ಅದರ ಹಲಗೆ ಕೊಳೆತಿತ್ತು. ಅದನ್ನು ಒದ್ದು, ಬಗ್ಗಿ ಒಳಗೆ ನುಗ್ಗಿದಳು. ಕೈಗಳು ಎದ್ದುಕೊಳ್ಳುವ ಮುಂಚೆ ಅವಸರದಿಂದ ಕೂಸನ್ನು ನೆಲದ ಮೇಲೆ ಮಲಗಿಸಿ, ತಾನು ಒಂದು ಮಾರು ಹಿಂದೆ ಸರಿದು ಕೂತಳು. ತಗಡಿನ ಮೇಲೆ ಕಲ್ಲು ಬೀಳುವ ಸದ್ದಿನಲ್ಲಿ ಕೂಸು ಅಳುತ್ತಿದೆಯೆಂಬುದು ಅದರ ಬಾಯಿ ನೋಡಿ ತಿಳಿಯಬೇಕಿತ್ತು. ಅವಳ ಕೈಗಳು ಆಗಲೇ ಗಾಳಿಯನ್ನು ಬಿಡಿಸುತ್ತಿದ್ದವು. ಎದೆಯಿಂದ ಹಾಲು ತಾನಾಗಿ ಇಳಿದು ಕುಪ್ಪಸ ನೆನೆಯಿತು. ಕೂಸು ಅಷ್ಟು ಹತ್ತಿರ, ಅವಳು ಮುಟ್ಟುವಂತಿಲ್ಲ.

ಸೂರಿನ ಒಂದು ಸಂದಿಯಿಂದ ನೀರು ಕೂಸಿನ ಮುಖದ ಮೇಲೆ ಸುರಿಯತೊಡಗಿತು. ಸಾವಕ್ಕ ಮುಂದೆ ಬಾಗಿ ಬೆನ್ನು ಅಡ್ಡ ಕೊಟ್ಟಳು. ಅವಳ ಬಲಗೈ ಕೂಸಿನ ಕಡೆ ಹೋಯಿತು. ಅವಳು ತಡೆಯಲು ನೋಡಿದಳು, ಆಗಲಿಲ್ಲ. ಕೂಸು ಗಾಳಿಯಲ್ಲಿ ಆಡಿಸುತ್ತಿದ್ದ ಮುಷ್ಟಿಗೆ ಅವಳ ತೋರುಬೆರಳು ಸಿಕ್ಕಿತು. ಎಳೆಯ ಮಕ್ಕಳು ಸಿಕ್ಕಿದ್ದನ್ನು ಹಿಡಿಯುವಂತೆ ಅದು ಬೆರಳನ್ನು ಬಿಗಿಯಾಗಿ ಹಿಡಿಯಿತು.

ಕೈ ನಿಂತಿತು. ಬೆರಳಷ್ಟೇ ಅಲ್ಲ, ಮಣಿಕಟ್ಟು, ಮೊಳಕೈ, ಭುಜದವರೆಗೆ ಎಲ್ಲವೂ ಕಲ್ಲಿನಂತೆ ನಿಂತಿತು. ಸಾವಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಎಡಗೈ ಇನ್ನೂ ಕಿತ್ತುಕೊಳ್ಳಲು ಏನಾದರೂ ಹುಡುಕುತ್ತಿತ್ತು. ಅವಳು ಮೊಳಕೈಯೂರಿ ಇನ್ನೂ ಕೆಳಗೆ ಬಾಗಿ, ಅದನ್ನು ಕೂಸಿನ ಇನ್ನೊಂದು ಮುಷ್ಟಿಯ ಎದುರು ತಂದಳು. ಕೂಸು ಅದನ್ನೂ ಹಿಡಿಯಿತು. ಎರಡು ಕೈಗಳನ್ನೂ ಮಗಳಿಗೆ ಕೊಟ್ಟು, ನೀರು ಬೆನ್ನ ಮೇಲೆ ಸುರಿಯುತ್ತಿರಲು, ಹಸು ಕರುವಿಗೆ ಬಾಗುವಂತೆ ಬಾಗಿ, ಅವಳು ಎದೆಯನ್ನು ಅದರ ಬಾಯಿಗೆ ಕೊಟ್ಟಳು.

ತಾಯವ್ವ ಕೊಡೆ ಹಿಡಿದು ಹುಡುಕುತ್ತ ಗವಿಯಿಂದ ಒಳಗೆ ಬಂದಾಗ ಕೂಸು ಇನ್ನೂ ಕುಡಿಯುತ್ತಿತ್ತು. ಸೊಸೆಯ ಕೈಗಳನ್ನು ಕಂಡು ಮುದುಕಿ ಕೊಡೆ ಕೆಳಗೆ ಹಾಕಿ ಹತ್ತಿರ ಬಂದಳು. ಆ ನಿಲುವು ಅವಳಿಗೆ ಗೊತ್ತಿತ್ತು.

"ನನ್ನ ಗಂಟಲಾಗ ಏನೋ ಬಂದು ನಿಂತೈತಿ, ಅತ್ತಿ," ಎಂದಳು ಸಾವಕ್ಕ. "ಒದರಬೇಕು ಅನಸ್ತೈತಿ. ಏನು ಒದರಬೇಕು ತಿಳೀವಲ್ದು."

"ನುಂಗು. ಒದರಬ್ಯಾಡ. ಕೂಸು ಕುಡೀಲಿ."

ಆಮೇಲೆ ತಾಯವ್ವ ಅವಳ ಕಿವಿಯ ಹತ್ತಿರ ಕೂತು ಹೇಳಿದಳು. ಹತ್ತಿ ಬಿಡಿಸುವುದನ್ನು ಕಲಿಸುವ ಮುಂಚೆ ಗಿರಣಿಯಲ್ಲಿ ಪ್ರತಿಯೊಬ್ಬಳಿಗೂ ಒಂದನ್ನು ಕಲಿಸುತ್ತಿದ್ದರು. ಹತ್ತಿಯನ್ನು ಒಳಗೆ ಎಳೆದುಕೊಳ್ಳುವ ಉರುಳೆ ಒಮ್ಮೊಮ್ಮೆ ಬೆರಳನ್ನೂ ಹಿಡಿಯುತ್ತದೆ, ಅದನ್ನು ತಿರುಗಿಸುವ ಚರ್ಮದ ಪಟ್ಟಾ ಕಳಚುವವರೆಗೆ ಬಿಡುವುದಿಲ್ಲ. "ಹಿಡದ್ರ ಜಗ್ಗಬಾರದು. ಜಗ್ಗಿದ್ರ ಕೈನ ಹೋತು. ಕಲ್ಲಾಗಿ ನಿಂದರಬೇಕು, ನಿಂತು ಪಟ್ಟಾ ಬಿಡ್ರೋ ಅಂತ ಒದರಬೇಕು, ಅವರು ಪಟ್ಟಾ ಬಿಡೂತನಾ ಮಿಸುಕಬಾರದು. ನಮ್ಮ ಸಾಲಿನ ರುಕ್ಮವ್ವ ಜಗ್ಗಿದಳು, ಆಕಿ ಕೈ ನೀ ನೋಡಿಯಲ್ಲ. ಈ ಸೂರು ಅದನ್ನೂ ಕಂಡೈತಿ. ನಾವು ಕೈ ಆಡಸೂದು ಅಷ್ಟ ಅಲ್ಲ, ಕೈ ಸಿಗಬಿದ್ದು ನಿಂತದ್ದನ್ನೂ ಕಂಡೈತಿ. ನಮಗ ಮರತಿತ್ತು."

ಕೂಸು ಹೊಟ್ಟೆ ತುಂಬ ಕುಡಿದು, ಕುಡಿದದ್ದರಲ್ಲಿ ಸ್ವಲ್ಪ ಕಕ್ಕಿ, ಮುಷ್ಟಿ ಸಡಿಲಿಸದೆ ಮಲಗಿತು.

ಆ ಮಳೆಗಾಲ ಅದು ಗಿರಣಿಯ ನೆಲದ ಮೇಲೆಯೇ ಬೆಳೆಯಿತು. ಕೀಲಿಕೈ ಮತ್ತೆ ಬಂತು. ಮೊದಲು ಸಾವಕ್ಕನ ಬೆನ್ನಿಗೆ ನೀರು ಸುರಿಯದಂತೆ ತಗಡು ರಿಪೇರಿ ಮಾಡಲು ಬಂದ ಚಂದ್ರಾಮಪ್ಪ, ಕೆಲಸ ಮುಗಿದ ಮೇಲೆ, ತನ್ನ ಕೈಯನ್ನು ಯಾರಾದರೂ ಹಿಡಿದುಕೊಂಡು ನೋಡುತ್ತೀರಾ ಎಂದು ಕೇಳಿದನಂತೆ. ಗುರುಶಾಂತಪ್ಪ ಹಿಡಿದ. ಇಬ್ಬರ ಕೈಗಳೂ ನಿಂತವು. ಹೀಗೆ ಒಬ್ಬೊಬ್ಬರಾಗಿ ಸಾಲಿನವರು ಬಂದು ಕೂರತೊಡಗಿದರು. ಈಗ ಅಲ್ಲಿ ಸಭೆ ನಡೆಯುತ್ತದೆ, ಹಾಡು ನಡೆಯುತ್ತದೆ, ನ್ಯಾಯ ತೀರ್ಮಾನವಾಗುತ್ತದೆ. ಎಲ್ಲರೂ ದುಂಡಾಗಿ ಕೂತು ಎಡಬಲದವರ ಕೈಯನ್ನು ಬಿಗಿಯಾಗಿ ಹಿಡಿದಿರುತ್ತಾರೆ. ಅತ್ತೆ ಸೊಸೆಯದನ್ನು, ಅಣ್ಣ ತಮ್ಮನದನ್ನು, ಮಾತು ಬಿಟ್ಟವರು ಮುಖ ತಿರುಗಿಸಿಕೊಂಡೇ ಮಾತು ಬಿಟ್ಟವರದನ್ನು. ಒಂದು ಕೈ ಸಡಿಲಾದರೂ ಕೆಡುತ್ತದೆ. ಸಡಿಲಾದ ಕೈ ಪಕ್ಕದ ಹಿಡಿತವನ್ನು ಅರಳೆಯೆಂದು ತಿಳಿದು ಬೆರಳು ಬೆರಳಾಗಿ ಬಿಡಿಸತೊಡಗುತ್ತದೆ, ಬಿಡಿಸಿಕೊಂಡ ಕೈ ಅದರಾಚೆಯದನ್ನು. ಅದಕ್ಕೇ ಎದ್ದು ಹೋಗಬೇಕಾದವರು ತಮ್ಮ ಪಕ್ಕದವರ ಕೈಗಳನ್ನು ಇನ್ನೊಬ್ಬರಿಗೆ ಒಪ್ಪಿಸಿಯೇ ಹೋಗಬೇಕು.

ಅದನ್ನು ವಿಶ್ರಾಂತಿ ಎನ್ನಲಾಗದು. ಸಾವಕ್ಕನ ಗಂಟಲಿಗೆ ಬಂದು ನಿಂತದ್ದು ಅಲ್ಲಿ ಕೂತ ಪ್ರತಿಯೊಬ್ಬರ ಗಂಟಲಿಗೂ ಬರುತ್ತದೆ. ಕೈಗಳು ತಣ್ಣಗಿರುತ್ತವೆ, ಎದೆ ಪಟ್ಟಾ ಬಿಡುವವರನ್ನು ಕಾಯುತ್ತಿರುತ್ತದೆ. ಗುರುಶಾಂತಪ್ಪನ ಪ್ರಕಾರ ಇನ್ನು ಕೆಲವು ವರ್ಷದಲ್ಲಿ ಸೂರು ಹತ್ತಿಯನ್ನು ಪೂರ್ತಿ ಮರೆಯುತ್ತದೆ. ಮರೆತರೆ ನಿಲ್ಲುವುದನ್ನೂ ಮರೆಯುತ್ತದೆ, ಆಗ ಏನು ಮಾಡುತ್ತೀ ಎಂದು ತಾಯವ್ವ ಕೇಳುತ್ತಾಳೆ. ಇಬ್ಬರ ನಡುವೆ ಈ ಜಗಳ ಮುಗಿದಿಲ್ಲ.

ನಾನು ಹೊರಡುವ ದಿನ ವಿದಾಯ ಹೇಳಲು ಗಿರಣಿಗೆ ಹೋದೆ. ಹೊರಗೆ ಮಳೆಯಿತ್ತು. ಒಳಗೆ ನಾಲ್ಕೇ ಜನ. ಗೋಡೆಯ ಹತ್ತಿರ ಸಾವಕ್ಕ ಕೂತಿದ್ದಳು, ಅವಳ ತೊಡೆಯ ಮೇಲೆ ಮಗಳು ಮಲಗಿದ್ದಳು. ಈಗ ದಪ್ಪನೆಯ ಹುಡುಗಿ, ಕಾಲುಗಳು ನೆಲಕ್ಕೆ ಇಳಿಬಿದ್ದಿದ್ದವು. ಹಿಂದಿನ ದಿನ ಜ್ವರ ಬಂದು, ಆಗಷ್ಟೇ ನಿದ್ದೆ ಹತ್ತಿತ್ತಂತೆ. ದೊಡ್ಡ ಮಕ್ಕಳು ನಿದ್ದೆಯಲ್ಲಿ ಮುಷ್ಟಿ ಬಿಡುತ್ತಾರೆ. ಆದ್ದರಿಂದ ಸಾವಕ್ಕನ ಎರಡೂ ಕೈಗಳನ್ನು ತಾಯವ್ವ ತನ್ನ ಬಲಗೈಯೊಂದರಲ್ಲೇ ಸೇರಿಸಿ ಹಿಡಿದಿದ್ದಳು. ತಾಯವ್ವನ ಎಡಗೈ ಚಂದ್ರಾಮಪ್ಪನ ಎರಡು ಕೈಗಳ ನಡುವೆ ಇತ್ತು. ಅವನು ನನ್ನನ್ನು ಕಂಡು ಮುಖ ಅರಳಿಸಿ, ಬೆಳಗಿನಿಂದ ಕೂತಿದ್ದೇನೆ, ಒಂದು ಕಪ್ ಚಹಾ ಕುಡಿದು ಬಂದುಬಿಡುತ್ತೇನೆ ಎಂದು ಪಿಸುಗುಟ್ಟಿದ. ನಾನು ಬೇಡವೆನ್ನುವಷ್ಟರಲ್ಲಿ ಮುದುಕಿಯ ಕೈ ನನ್ನ ಅಂಗೈಗಳ ನಡುವೆ ಇತ್ತು. ಅವನು ಎದ್ದು, ತಲೆಯ ಮೇಲೆ ಟವೆಲು ಹಾಕಿಕೊಂಡು, ಮಳೆಯಲ್ಲಿ ಓಡಿದ.

ತಾಯವ್ವನ ಕೈ ಬೆಚ್ಚಗಿತ್ತು, ಒರಟಾಗಿತ್ತು, ಕಲ್ಲಿನಂತೆ ನಿಶ್ಚಲವಾಗಿತ್ತು. ನನ್ನ ಕೈಗಳೂ ನಿಂತವು. ಆ ಹುಡುಗಿ ನಿದ್ದೆಯಲ್ಲಿ ಒಮ್ಮೆ ತುಟಿ ಚಪ್ಪರಿಸಿದಳು. ನಿಲ್ದಾಣದ ಕಡೆಯಿಂದ ನನ್ನ ಬಸ್ಸು ಹೊರಡುವ ಮುನ್ನ ಹಾಕುವ ಹಾರ್ನ್ ಎರಡು ಸಲ ಕೇಳಿಸಿತು. ನನ್ನ ಗಂಟಲಿಗೆ ಏನೋ ಬಂದು ನಿಂತಿತು. ನುಂಗಿದೆ. ಬಾಗಿಲ ಕಡೆ ನೋಡಿದೆ. ಮಳೆಯಲ್ಲದೆ ಯಾರೂ ಕಾಣಲಿಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.